ಮೊದಲ ಹೊಡೆತ

ಮಹಿಮಾ ಗಾಲ್ಫ್ ಕೋಲು ಹಿಡಿದು ಚೆಂಡಿನ ಮುಂದೆ ನಿಂತಳು. ಚಿಕ್ಕಮಗಳೂರಿನ ವೃತ್ತಿಪರ ಗಾಲ್ಫ್ ಪಂದ್ಯದಲ್ಲಿ ಕೊಪ್ಪದ ಈ ಹುಡುಗಿಗೆ ಇದು ಮೊದಲ ಹೊಡೆತ. ಜೊತೆಯಲ್ಲಿ ಆಡುತ್ತಿದ್ದವರು ಕಳೆದ ವರ್ಷದ ಚಾಂಪಿಯನ್ ನಂದಿತಾ. ಹಿಂದಿನ ದಿನ ಅಭ್ಯಾಸದಲ್ಲಿ ಅವರೇ ಅವಳ ಭುಜ ಹಿಡಿದು, "ಇದನ್ನ ಸಡಿಲ ಬಿಡು" ಎಂದು ಹತ್ತು ಸಲ ಹೇಳಿಕೊಟ್ಟಿದ್ದರು. ಭುಜ ಈಗಲೂ ಬಿಗಿದೇ ಇತ್ತು.

ಮೈದಾನದ ಸಿಬ್ಬಂದಿಯೊಬ್ಬ ಕೈಯೆತ್ತಿ ಜನರನ್ನು ಸುಮ್ಮನಾಗಿಸಿದ. ಆ ಮೌನದಲ್ಲಿ, ಹಗ್ಗದಾಚೆ ನಿಂತಿದ್ದ ಅಮ್ಮ ಪದ್ಮಾಕ್ಷಿಯ ದನಿ ದೊಡ್ಡದಾಗಿ ಕೇಳಿತು: "ಕೂಸೇ, ಹೆದರ್ಬೇಡ! ತಪ್ಪಿದ್ರೆ ಆ ಚೆಂಡು ನಿಂಗೆ ಬೈಯತ್ತಾ?"

ಸಿಬ್ಬಂದಿ ಓಡಿಬಂದ. "ಅಮ್ಮಾ, ಇಲ್ಲಿ ಮಾತಾಡೋ ಹಾಗಿಲ್ಲ."

"ಗೊತ್ತಿರ್ಲಿಲ್ಲ ಮಾರಾಯ. ಇನ್ನು ಬಾಯಿ ಬಿಡಲ್ಲ."

ಜನರೆಲ್ಲ ನಕ್ಕರು, ನಂದಿತಾ ಕೂಡ. ಮಹಿಮಾಳಿಗೂ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಅವಳ ಭುಜ ಸಡಿಲವಾಯಿತು. ಅದೇ ಉಸಿರಿನಲ್ಲಿ ಕೋಲು ಬೀಸಿದಳು. ಚೆಂಡು ನೇರವಾಗಿ ಹಾರಿ, ದೂರದ ಹುಲ್ಲಿನ ನಟ್ಟನಡುವೆ ಇಳಿಯಿತು.

ಚಪ್ಪಾಳೆಯ ನಡುವೆ ನಂದಿತಾ ಹಗ್ಗದ ಬಳಿ ಬಂದು ಪದ್ಮಾಕ್ಷಿಗೆ ಕೈಮುಗಿದರು. "ಎರಡು ಗಂಟೆ ಹೇಳಿಕೊಟ್ರೂ ನನ್ನಿಂದ ಆಗ್ಲಿಲ್ಲ, ನೀವು ಒಂದೇ ಮಾತಲ್ಲಿ ಮಾಡಿಸಿದ್ರಿ. ಈಗ ನನ್ನ ಸರದಿ. ನಂಗೂ ಒಂದು ಮಾತು ಹೇಳಿ."

ಪದ್ಮಾಕ್ಷಿ ಅಳುಕುತ್ತ ಸಿಬ್ಬಂದಿಯ ಮುಖ ನೋಡಿದರು.

"ಹೇಳಿ ಅಮ್ಮ," ಎಂದ ಅವನು, "ಸ್ವಲ್ಪ ಮೆಲ್ಲಗೆ."