ಡಾಂಬರು ಒಣಗುವವರೆಗೆ

ಅಪ್ಪ ಆ ಬೋರ್ಡನ್ನು ಮಾತ್ರ ಕೇಳದಿರಲಿ ಎಂದು ನಿಗಾರ್ ಬೆಳಿಗ್ಗೆಯಿಂದ ತನ್ನೊಳಗೇ ಹೇಳಿಕೊಳ್ಳುತ್ತಿದ್ದಳು. ಅಂಗಳದಲ್ಲಿ ಅವಳ ಅಪ್ಪ ಖಾಜಾಮಿಯಾ ಊರೂರಿಗೆ ಜನ ಒಯ್ಯುವ ವ್ಯಾನಿನ ಹಿಂದಿನ ಸೀಟು ಬಿಚ್ಚಿಟ್ಟು, ಸ್ಕ್ರೂಡ್ರೈವರಿನಿಂದ ಅದರ ತಳದ ತುಕ್ಕು ಕೆರೆಯುತ್ತಿದ್ದ. ಕೆರೆದಷ್ಟೂ ತಗಡು ಒಣರೊಟ್ಟಿಯ ಹಾಗೆ ಮುರಿದು ಬೀಳುತ್ತಿತ್ತು. ನಿನ್ನೆ ಅಂಗೈಯಷ್ಟಿದ್ದ ತೂತು ಈಗ ಊಟದ ತಟ್ಟೆಯಷ್ಟಾಗಿತ್ತು. ಕೆಳಗೆ ನೆರಳಿಗೆ ಬಂದಿದ್ದ ಕೋಳಿಯೊಂದು ಅದರೊಳಗಿಂದ ಕತ್ತೆತ್ತಿ ಅವನ ಮುಖ ನೋಡಿತು.

"ವೆಲ್ಡಿಂಗಿನವ ಎರಡು ದಿನ ಗಾಡಿ ಬಿಡು ಅಂತಾನ. ಸಂತಿ ವಾರದಾಗ ಹ್ಯಾಂಗ ಬಿಡಲಿ?" ಖಾಜಾಮಿಯಾ ಕೋಳಿಗೇ ಹೇಳಿದಂತೆ ಹೇಳಿದ. "ಸದ್ಯಕ್ಕ ಒಂದು ತಗಡು ಕೂಡಿಸಿ, ತಳಕ್ಕ ಡಾಂಬರು ಬಳದ್ರ ಒಂದು ತಿಂಗಳು ತಳ್ಳತದ." ಆಮೇಲೆ ಮಗಳ ಕಡೆ ತಿರುಗದೆ, ಮೆಲ್ಲಗೆ ಅಂದ: "ಬೇಟಾ, ಆ ಬೋರ್ಡು... ಹಾಕೋದಿದ್ರ ಹೇಳು. ಬ್ಯಾರೆ ತಗಡು ಹುಡುಕತೀನಿ."

ಎರಡು ವರ್ಷದ ಹಿಂದೆ ಅವಳ ಡಿಗ್ರಿ ಮುಗಿದ ವಾರ ಅವನೇ ರಾಯಚೂರಿಗೆ ಹೋಗಿ ಬರೆಸಿಕೊಂಡು ಬಂದ ತಗಡಿನ ಬೋರ್ಡು ಅದು. ನೀಲಿ ಬಣ್ಣದ ಮೇಲೆ ಬಿಳಿ ಅಕ್ಷರ: ನಿಗಾರ್, ಬಿ.ಎಸ್ಸಿ., ಅದರ ಕೆಳಗೆ ಗಣಿತ ಮನೆಪಾಠ. ರಂಜಾನ್ ಮುಗಿಯಲಿ ಅಂದಿದ್ದಳು. ಶಾಲೆ ಶುರುವಾಗಲಿ ಅಂದಿದ್ದಳು. ಆಮೇಲೆ ಅವನೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಓಣಿಯವರೆಲ್ಲ ತನ್ನ ಹೆಸರು ಓದುತ್ತಾರೆ, ಯಾರೋ ಬಾಗಿಲಿಗೆ ಬಂದು ನಿಲ್ಲುತ್ತಾರೆ, ತಾನು ಎದ್ದು ಗಟ್ಟಿಯಾಗಿ ಮಾತಾಡಬೇಕಾಗುತ್ತದೆ. ಅಷ್ಟು ನೆನೆದು ಮತ್ತೆ ನಾಳೆ ಅನ್ನುತ್ತಿದ್ದಳು. 'ನಾಳೆ ಬೋರ್ಡ್ ಹಾಕಿಸಬೇಕು' ಎಂದು ಡೈರಿಯಲ್ಲಿ ಎಷ್ಟು ಸಲ ಬರೆದಿದ್ದಳೋ, ಹಿಂದಿನ ಪುಟ ತಿರುವಲು ಅವಳಿಗೇ ನಾಚಿಕೆ.

"ಬೋಲ್ ಬೇಟಾ," ಎಂದ ಖಾಜಾಮಿಯಾ.

ಅದನ್ನು ಕತ್ತರಿಸಬೇಡ ಅನ್ನಬೇಕಿತ್ತು. ಒಂದೇ ಮಾತು. ನಿಗಾರ್ ಒಳಗೆ ಹೋಗಿ, ಅಲ್ಮಾರಿಯ ಹಿಂದೆ ಪೇಪರ್ ಸುತ್ತಿಟ್ಟಿದ್ದ ಬೋರ್ಡನ್ನು ಎಳೆದು ತಂದು ಅವನ ಕೈಗೆ ಕೊಟ್ಟಳು.

ಅವನು ಪೇಪರ್ ಬಿಚ್ಚಿ, ಧೂಳು ಒರೆಸಿ, ಸ್ವಲ್ಪ ಹೊತ್ತು ನೋಡಿದ. ಅವನಿಗೆ ಕನ್ನಡ ಓದಲು ಬಾರದು. ಆದರೂ ಬೆರಳು ಸರಿಯಾದ ಜಾಗದಲ್ಲೇ ನಿಂತಿತು. "ಇದ ಅಲ್ಲ ನಿನ್ನ ಹೆಸರು? ಪೇಂಟರ್ ಅವತ್ತು ತೋರಿಸಿದ್ದ." ಅವಳು ತಲೆಯಾಡಿಸಿದಳು. ಹೆಸರಿನ ಸಾಲು ದಾಟಿ ಎರಡು ಬೆರಳು ಬಿಟ್ಟು ಸೀಮೆಸುಣ್ಣದಿಂದ ಗೆರೆ ಎಳೆದು, ಅಲ್ಲಿಂದ ತಗಡು ಕತ್ತರಿಸಿದ. ಗಣಿತ ಮನೆಪಾಠ ಸುರುಳಿಯಾಗಿ ಪಕ್ಕಕ್ಕೆ ಬಿತ್ತು. ಹಿಂಬದಿಗೆ ಡಾಂಬರು ಬಳಿದು, ಬಣ್ಣದ ಬದಿ ಮೇಲೆ ಮಾಡಿ, ಸುತ್ತ ಸ್ಕ್ರೂ ಬಿಗಿದ.

"ಡಾಂಬರು ಒಣಗೋತನಕ ಮ್ಯಾಟ್ ಹಾಕೋದು ಬ್ಯಾಡ," ಎಂದು ಸೀಟು ಕೂಡಿಸುತ್ತ ಅಂದ. "ನೀನೂ ಬಾ. ಹಿಂದ ಕುಂತು ನೋಡ್ಕೋತ ಇರು. ತಗಡು ಎದ್ರ ಹೇಳು."

ಗಿಲ್ಲೆಸುಗೂರಿನ ಸ್ಟ್ಯಾಂಡಿನಲ್ಲಿ ನಿಂಬೆಹಣ್ಣಿನ ಬುಟ್ಟಿ ಹೊತ್ತು ಮೂಕಮ್ಮ ಕಾಯುತ್ತಿದ್ದಳು. ನಿನ್ನೆ ಅವಳ ಒಂದು ಚಪ್ಪಲಿ ಆ ತೂತಿನಿಂದಲೇ ರಸ್ತೆಗೆ ಬಿದ್ದಿತ್ತು. ಇವತ್ತು ಬರಿಗಾಲು.

"ನಿನ್ನೆ ಚಪ್ಪಲಿ ನುಂಗಿತು. ಇವತ್ತೇನು ನನ್ನಽ ನುಂಗತದೇನೋ ಖಾಜಾಮಿಯಾ ನಿನ್ನ ಗಾಡಿ?"

"ಹತ್ತಬೇ ಮೂಕಮ್ಮ. ಹೊಸಾ ತಗಡು ಹಾಕೀನಿ. ಕುಣದ್ರೂ ಏನಾಗಂಗಿಲ್ಲ."

"ಕುಣೀಲಿಕ್ಕೆ ನೀ ಡೋಲು ಬಡೀತಿಯೇನು?" ಎನ್ನುತ್ತ ಅವಳು ಒಂದು ಕಾಲು ಒಳಗಿಟ್ಟವಳು, ಕೆಳಗೆ ನೋಡಿ ತಟ್ಟನೆ ಹಿಂದಕ್ಕೆ ಎಳೆದುಕೊಂಡಳು. ಬಗ್ಗಿ ತಗಡನ್ನು ಮುಟ್ಟಿ, ಕೈ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ಅದನ್ನು ದಾಟಿ ಸೀಟು ಹಿಡಿದು, ನಿಗಾರ್ ಪಕ್ಕದಲ್ಲಿ ಎರಡೂ ಕಾಲು ಮೇಲಕ್ಕೆ ಮಡಿಸಿ ಕೂತಳು.

"ಕಾಲು ಇಡಬೇ, ಗಟ್ಟಿ ಅದ," ಎಂದ ಖಾಜಾಮಿಯಾ.

"ಅಕ್ಷರ ಅದಾವಪ್ಪ ಇಲ್ಲೆ. ನನಗ ಓದಾಕ ಬರಂಗಿಲ್ಲ ಅಂತ ತುಳೀಲೇನು?"

ವ್ಯಾನು ಹೊರಟಿತು. ಕುಲುಕಿದಾಗೆಲ್ಲ ಮೂಕಮ್ಮನ ಮಂಡಿ ನಿಗಾರ್‌ಳ ತೊಡೆಗೆ ತಾಗುತ್ತಿತ್ತು. ಒಂದು ಕೈಯಲ್ಲಿ ಬುಟ್ಟಿ, ಇನ್ನೊಂದು ಕೈಯಲ್ಲಿ ಸರಳು ಹಿಡಿದಿದ್ದರೂ ಅವಳು ಕಾಲು ಇಳಿಸಲಿಲ್ಲ. ನಿಗಾರ್ ತನ್ನ ಚಪ್ಪಲಿಯ ತುದಿ ಬಿ.ಎಸ್ಸಿ.ಯ ಮೇಲೆ ಇರುವುದನ್ನು ಆಗಷ್ಟೇ ನೋಡಿದಳು. ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡಳು.

"ಯವ್ವಾ, ನೀ ಓದಿದಾಕಿ," ಎಂದು ಮೂಕಮ್ಮ ಇಂಜಿನ್ನಿನ ಸದ್ದಿನೊಳಗೆ ಅವಳ ಕಿವಿಗೆ ಬಾಗಿದಳು. "ಏನಂತ ಬರದಾರ? ದೇವರ ಹೆಸರು ಹೌದೇನು?"

"ಅಲ್ರಿ."

"ಆಂ? ಕೇಳವಲ್ದು. ಮತ್ತ ಯಾರ ಹೆಸರು?"

ನಿಗಾರ್ ತುಟಿ ಅಲ್ಲಾಡಿಸಿದಳು. ಮೂಕಮ್ಮ ಕಿವಿಗೆ ಕೈ ಹಚ್ಚಿ, "ಗಟ್ಟಿ ಹೇಳಽ ಯವ್ವಾ," ಅಂದಳು. ಮುಂದಿನ ಕನ್ನಡಿಯಲ್ಲಿ ಖಾಜಾಮಿಯಾನ ಕಣ್ಣು ಒಮ್ಮೆ ಎದ್ದು ರಸ್ತೆಗೆ ಮರಳಿತು. ಯರಗೇರಾದ ರಸ್ತೆಯುಬ್ಬು ಬಂತೆಂದು ಅವನು ವೇಗ ಇಳಿಸಿದ. ಇಂಜಿನ್ನಿನ ಗದ್ದಲ ಅಡಗಿತು. ಆಗ ಅವಳ ದನಿ ಅವಳೇ ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಹೊರಬಿತ್ತು.

"ನನ್ನ ಹೆಸರು. ನಮ್ಮ ಬಾಗಿಲ ಮ್ಯಾಲ ಇರಬೇಕಾಗಿತ್ತು. ನಾನಽ ಹಾಕಗೊಡಲಿಲ್ಲ."