ತುಂಬಿದ ಡಬ್ಬಿ

ಉಣ್ಣಲು ಗತಿಯಿಲ್ಲದ ಮನೆಯ ಮಕ್ಕಳನ್ನು ಬಾಲಮಂದಿರಕ್ಕೆ ಎತ್ತಿಕೊಂಡು ಹೋಗುತ್ತಾರೆ ಎಂದು ನಲ್ಲಿಯ ಹತ್ತಿರ ಯಾರೋ ಹೇಳಿದ್ದು ಕೇಳಿ ದುರುಗಮ್ಮ ಕೊಡ ಅಲ್ಲೇ ಬಿಟ್ಟು ಮನೆಗೆ ಓಡಿದ್ದಳು. ಮಕ್ಕಳ ಇಲಾಖೆಯ ಅಧಿಕಾರಿ ಮನೆ ನೋಡಲು ಬರುವ ಸುದ್ದಿ ಸಿಕ್ಕಿದ್ದೇ ತಡ, ಪಕ್ಕದ ಮನೆಯ ಜುಬೇದಕ್ಕನ ಅಕ್ಕಿ ಡಬ್ಬಿ, ಗ್ಯಾಸ್ ಒಲೆ, ಕಂಬಳಿ ಎಲ್ಲ ಇವಳ ಮನೆಗೆ ಬಂದವು.

"ಬೇಗ ವಾಪಸ್ ಕೊಡವ್ವ, ಇಲ್ಲಾಂದ್ರೆ ನನ್ನ ಮಕ್ಕಳನ್ನ ಒಯ್ದಾರು!" ಎಂದು ಜುಬೇದಕ್ಕ ನಕ್ಕಿದ್ದಳು. ದುರುಗಮ್ಮನಿಗೆ ನಗು ಬರಲಿಲ್ಲ.

ಜೀಪು ಬಂತು. ಅಧಿಕಾರಿ ಡಬ್ಬಿಯ ಮುಚ್ಚಳ ತೆಗೆದು ನೋಡಿದರು. ದುರುಗಮ್ಮ ಮಗಳ ಕೈಯನ್ನು ಬಿಗಿಯಾಗಿ ಹಿಡಿದಳು.

"ರಾತ್ರಿ ಏನು ಉಂಡೆ ಪುಟ್ಟಿ?"

"ಅನ್ನ, ಸಾರು, ಮೊಟ್ಟೆ," ಬರೀ ಗಂಜಿ ಕುಡಿದು ಮಲಗಿದ್ದ ಮಗಳು ಅಮ್ಮ ಕಲಿಸಿದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದಳು.

"ನಿಮಗೇನಾದರೂ ಕಷ್ಟ ಇದೆಯೇನಮ್ಮ?"

"ಏನೂ ಇಲ್ರೀ ಮೇಡಂ, ಎಲ್ಲ ಐತ್ರೀ."

"ಸಂತೋಷ. ಮಗು ನಿಮ್ಮ ಹತ್ತಿರ ಚೆನ್ನಾಗಿದೆ, ಇಲ್ಲೇ ಬೆಳೆಯಲಿ."

ದುರುಗಮ್ಮನಿಗೆ ಹೋದ ಜೀವ ಬಂದಂತಾಯಿತು.

ಅಧಿಕಾರಿ ಹೊಸ್ತಿಲು ದಾಟಿ, ಜೀಪಿನಿಂದ ಅಕ್ಕಿ ಮೂಟೆ, ಹೊಸ ಒಲೆ ಇಳಿಸುತ್ತಿದ್ದ ಡ್ರೈವರನನ್ನು ಕೂಗಿದರು: "ವಾಪಸ್ ಇಡಪ್ಪ, ಈ ಮನೆಗೆ ಏನೂ ಬೇಡವಂತೆ."