ಮಾತಿಲ್ಲದ ಟ್ಯಾಗುಗಳು

ಗದಗಿನ ನೆನಪಿನ ಕಚೇರಿಗೆ ಸತ್ತವರ ಬದುಕು ಗಳಿಗೆಗೊಂದು ಟ್ಯಾಗು ಹಚ್ಚಿ, ಆಗ ಆಡಿದ ಮಾತನ್ನು ಅದರೊಳಗಿಟ್ಟ ಕಡತವಾಗಿ ಬರುತ್ತಿತ್ತು. ಪೈಪ್‌ಲೈನು ಎಂಬ ಹಂತಹಂತದ ಯಂತ್ರವ್ಯವಸ್ಥೆ ಅದನ್ನು ಸೋಸಿ, ಮನೆಯವರು ಓದಲೆಂದು ಅಚ್ಚುಹಾಕಿ, ಮೂಲವನ್ನು ಅಳಿಸುತ್ತಿತ್ತು. ಒಳಗೆ ಮಾತಿಲ್ಲದ ಟ್ಯಾಗುಗಳನ್ನು ಗಳಿಗೆಸಮೇತ ಕಿತ್ತುಹಾಕುವ ಹಂತವನ್ನು ಬರೆದವಳು ಶಾರವ್ವ. ಹತ್ತು ವರ್ಷಗಳಿಂದ ಎಲ್ಲ ಊರಿನ ಕಚೇರಿಗಳೂ ಅದನ್ನು ಇಲ್ಲಿಂದಲೇ ಎಳೆದುಕೊಂಡು ಬಳಸುತ್ತಿದ್ದವು.

ಇಂದು ಅವಳ ಮೂಕ ತಂಗಿ ಫಕೀರವ್ವನ ಸರದಿ.

"ಅಕ್ಕಾರ, ಬರೇ ಹೆಸರಷ್ಟ ಬಂದೈತ್ರಿ," ಎಂದ ಜೊತೆಗಾರ ಬಸಣ್ಣ. "ಯಂತ್ರ ಕೆಟ್ಟೈತೇನ್ರಿ?"

"ಇಲ್ಲೋ ಬಸಣ್ಣ. ನಾ ಬರೆದಂಗ ನಡದೈತಿ."

ಮೂವತ್ತು ವರ್ಷ ಅಕ್ಕತಂಗಿಯರು ಸಂಜೆ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದರು. ಆ ಸಂಜೆಗಳಲ್ಲಿ ಒಂದೂ ಉಳಿದಿರಲಿಲ್ಲ.

ಶಾರವ್ವ ತನ್ನ ಹಂತವನ್ನು ಅಳಿಸಿದಳು.

"ಎಲ್ಲಾ ಊರಾಗೂ ಕೆಲಸ ನಿಲ್ತೈತ್ರೀ!"

"ನಿಲ್ಲಲಿ."

ಹೆಸರಷ್ಟೇ ಇದ್ದ ಹಾಳೆಯನ್ನು ಪಕ್ಕದ ಕುರ್ಚಿಯಲ್ಲಿಟ್ಟು, ಅವಳು ಸಂಜೆಯವರೆಗೆ ಮಾತಾಡದೆ ಕೂತಳು.